78 ಸಾವಿರ ಓಡಿದ ಡಸ್ಟರ್: ಟೈಮಿಂಗ್ ಬೆಲ್ಟ್, ಹೋಸ್ ಈಗಲೇ ಬದಲಿಸಬೇಕಾ?

ಮೂಡಿಗೆರೆಯವನು:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹೋದ ವರ್ಷ 2014ರ ರೆನೋ ಡಸ್ಟರ್ ಡೀಸೆಲ್ ಕಾರು ಸೆಕೆಂಡ್ ಹ್ಯಾಂಡ್ ತಗೊಂಡೆ. ಮೀಟರಿನಲ್ಲಿ ಈಗ 78 ಸಾವಿರ ಇದೆ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಹಳೆಯ ಓನರ್ ಹತ್ತಿರ ಇಲ್ಲ. "ಗಾಡಿ ಚೆನ್ನಾಗೇ ಓಡ್ತಿದೆಯಲ್ಲ, ಲಕ್ಷ ಆಗಲಿ ಬಿಡಿ" ಅಂತ ಇಲ್ಲಿನ ಮೆಕ್ಯಾನಿಕ್ ಹೇಳಿದರು.

ನನಗೆ ಸಮಾಧಾನ ಆಗಿಲ್ಲ. ಅಮ್ಮನನ್ನು ತಿಂಗಳಿಗೊಮ್ಮೆ ಮಂಗಳೂರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಎಷ್ಟೋ ಕಡೆ ಫೋನ್ ಸಿಗ್ನಲ್ ಕೂಡ ಸಿಗಲ್ಲ. ರೇಡಿಯೇಟರ್ ಹೋಸ್‌ಗಳೂ ಕಂಪನಿಯಿಂದ ಬಂದವೇ ಇರಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಲಾ, ಕಾಯಲಾ?

ಹಾಸನ ಗ್ಯಾರೇಜ್:
ಕಾಯಬೇಡಿ ಸರ್. ಹಾಸನದಲ್ಲಿ 22 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಬಿಲ್ ಇಲ್ಲ ಅಂದರೆ ಬೆಲ್ಟ್ ಬದಲಿಸಿಲ್ಲ ಅಂತಲೇ ನನ್ನ ಲೆಕ್ಕ.

ಎಲ್ಲರೂ ಕಿಲೋಮೀಟರ್ ನೋಡುತ್ತಾರೆ, ವರ್ಷ ನೋಡುವುದಿಲ್ಲ. ವಾಲ್ವ್, ಪಿಸ್ಟನ್ ಎರಡೂ ತಾಳ ತಪ್ಪದ ಹಾಗೆ ಓಡಿಸುವ ಈ ಬೆಲ್ಟ್ ರಬ್ಬರಿನದು. ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಕಿ.ಮೀ. ಜೊತೆ ವರ್ಷವನ್ನೂ ಕೊಟ್ಟಿದ್ದರೆ ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿಯಿರಿ. ಕವರ್ ಬಿಚ್ಚಿ ನೋಡಿ "ಬಿರುಕಿಲ್ಲ, ಚೆನ್ನಾಗಿದೆ" ಅನ್ನುವುದನ್ನೂ ನಂಬಬೇಡಿ. ಈಗಿನ ಬೆಲ್ಟ್‌ಗಳು ಹೊರಗಿನಿಂದ ಹೊಸದರ ಹಾಗೇ ಕಾಣುತ್ತವೆ, ಒಂದು ದಿನ ಹಲ್ಲು ಕಿತ್ತು ಬರುತ್ತದೆ. ನಿಮ್ಮ 1.5 ಡೀಸೆಲ್ ಇಂಜಿನ್‌ನಲ್ಲಿ ಬೆಲ್ಟ್ ಹೋದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ. ವಾಲ್ವ್ ಬೆಂಡ್ ಆಗುತ್ತದೆ, ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಇಳಿಸಬೇಕು. ಬೆಲ್ಟಿನ ಖರ್ಚು ಅದರ ಮುಂದೆ ಏನೂ ಅಲ್ಲ.

ಬರೀ ಬೆಲ್ಟ್ ಹಾಕಿಸಬೇಡಿ, ಅದನ್ನು ಬಿಗಿಯಾಗಿ ಹಿಡಿಯುವ ರಾಟೆ, ಅಂದರೆ ಟೆನ್ಶನರ್ ಕೂಡ ಬದಲಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗ್ಯಾರೇಜ್ ಶುರು ಮಾಡಿದ ಹೊಸದರಲ್ಲಿ ಒಬ್ಬರು ಹಳೆಯ ಡೀಸೆಲ್ ಕಾರು ತಂದರು. ಮಗಳ ಫೀಸ್ ಕಟ್ಟಬೇಕು, ಟೆನ್ಶನರ್ ಹಳೆಯದೇ ಇರಲಿ ಅಂದರು. ಕೈಯಲ್ಲಿ ತಿರುಗಿಸಿ ನೋಡಿದೆ, ಶಬ್ದ ಇರಲಿಲ್ಲ. ಒಪ್ಪಿಕೊಂಡೆ. ಒಂಬತ್ತು ತಿಂಗಳಿಗೆ ಆ ಟೆನ್ಶನರಿನ ಬೇರಿಂಗ್ ಜಾಮ್ ಆಗಿ ಹೊಸ ಬೆಲ್ಟನ್ನೇ ತಿಂದು ಹಾಕಿತು. ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ಹತ್ತಿರ, ರಾತ್ರಿ ಮಳೆಯಲ್ಲಿ. ಗಾಡಿಯಲ್ಲಿ ಆ ಮಗಳೂ ಇದ್ದಳು. ಯಾರಿಗೂ ಏನೂ ಆಗಲಿಲ್ಲ. ಹೆಡ್ ಕೆಲಸಕ್ಕೆ ನಾನು ಕೂಲಿ ತಗೊಳ್ಳಲಿಲ್ಲ. ಅವತ್ತಿನಿಂದ ಟೆನ್ಶನರ್ ಬೇಡ ಅನ್ನುವವರ ಬೆಲ್ಟ್ ಕೆಲಸವನ್ನೇ ನಾನು ಹಿಡಿಯುವುದಿಲ್ಲ.

ನಿಮ್ಮ ಗಾಡಿಯಲ್ಲಿ ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟಿನಿಂದ. ಪಂಪ್ ಸೋರಿದರೆ ಇಂಜಿನ್ ಮೌಂಟ್ ಇಳಿಸಿ ಮತ್ತೆ ಅಷ್ಟೂ ಬಿಚ್ಚಬೇಕು. ಹಾಗಾಗಿ ಬೆಲ್ಟ್, ಟೆನ್ಶನರ್, ಪಂಪ್ ಒಂದೇ ಸಲ ಮಾಡಿಸಿ. ಬೆಲ್ಟ್ ಹಾಕುವಾಗ ಕ್ಯಾಮ್ (ವಾಲ್ವ್ ತೆರೆಯುವ ದಂಡ), ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಅಲುಗದ ಹಾಗೆ ಲಾಕ್ ಮಾಡುವ ಪಿನ್ ಗ್ಯಾರೇಜಿನವರ ಹತ್ತಿರ ಇದೆಯಾ ಕೇಳಿ. ಇಲ್ಲದಿದ್ದರೆ ಬೇರೆ ಕಡೆ ಹೋಗಿ. ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಬೇಕು.

ಹೋಸ್‌ಗಳನ್ನು ನೀವೇ ನೋಡಬಹುದು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಒತ್ತಿ. ಕಟ್ಟಿಗೆ ಹಾಗೆ ಗಟ್ಟಿಯಾಗಿದ್ದರೂ ಕೆಟ್ಟದ್ದು, ಹಣ್ಣಾದ ಬಾಳೆಹಣ್ಣಿನ ಹಾಗೆ ಮೆತ್ತಗಿದ್ದರೂ ಕೆಟ್ಟದ್ದು. ಕ್ಲಿಪ್ ಪಕ್ಕ ಉಬ್ಬಿದೆಯಾ ನೋಡಿ. ಹೋಸ್ ಒಳಗಿನಿಂದಲೂ ಸೀಳುತ್ತದೆ, ಅದು ಹೊರಗೆ ಕಾಣಲ್ಲ. ಪಂಪ್ ಬದಲಿಸುವಾಗ ಹೇಗೂ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಇಳಿಸುತ್ತಾರೆ, ಆಗಲೇ ಮೇಲಿನದು, ಕೆಳಗಿನದು ಎರಡನ್ನೂ ಬದಲಿಸಿಬಿಡಿ. ಬೋರ್‌ವೆಲ್ ನೀರು ಮಾತ್ರ ತುಂಬಿಸಬೇಡಿ, ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟುತ್ತದೆ.

ಕಳಸದ ಹುಡುಗ:
ಅಣ್ಣ, ನಂದೂ ಡಸ್ಟರ್ ಡೀಸೆಲ್. ಟರ್ಬೋದಿಂದ ಇಂಟರ್‌ಕೂಲರ್‌ಗೆ ಗಾಳಿ ಹೋಗುವ ಹೋಸನ್ನೂ ನೋಡಿಸಿ. ನನ್ನದು ಎಣ್ಣೆ ಜಿಡ್ಡಿಗೆ ಮೆತ್ತಗಾಗಿ ಸೀಳಿತ್ತು. ಏರಿನಲ್ಲಿ ಪಿಕಪ್ಪೇ ಇಲ್ಲ, ಹಿಂದೆ ಕಪ್ಪು ಹೊಗೆ. ಮೊದಲು ಇಂಜೆಕ್ಟರ್ ಮೇಲೆ ಡೌಟ್ ಬಂದಿತ್ತು. ಇನ್ನೊಂದು, ತೋಟದ ಶೆಡ್ಡಿನಲ್ಲಿ ಇಲಿ ಇದ್ದರೆ ಸಣ್ಣ ಪೈಪ್‌ಗಳನ್ನೂ ತಡವಿ ನೋಡಿ.

ಮೂಡಿಗೆರೆಯವನು:
ಹಾಸನಕ್ಕೇ ತಗೊಂಡು ಹೋಗಿ ಎಲ್ಲ ಮಾಡಿಸಿದೆ. ಪಿನ್ ಹಾಕಿ, ಕೈಯಲ್ಲಿ ತಿರುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಬೆಲ್ಟ್ ಮೇಲಿನ ಅಕ್ಷರ ಅಳಿಸಿಹೋಗಿತ್ತು, ಹಲ್ಲು ನೋಡಲು ಚೆನ್ನಾಗೇ ಇತ್ತು. ಆದರೆ ಪಂಪ್ ಕೆಳಗೆ ಕೂಲೆಂಟ್ ಒಣಗಿದ ಕಲೆ ಇತ್ತು. ಕೆಳಗಿನ ಹೋಸನ್ನು ಕತ್ತರಿಸಿ ತೋರಿಸಿದರು. ಕ್ಲಿಪ್ ಕೂರುವ ಜಾಗದಲ್ಲಿ ಒಳಗೆ ಉದ್ದಕ್ಕೆ ಸೀಳಿತ್ತು. ಹೊರಗಡೆ ಒಂದು ಗೆರೆಯೂ ಇರಲಿಲ್ಲ. ಆ ತುಂಡನ್ನು ಮನೆಗೆ ತಂದು ಅಮ್ಮನಿಗೂ ತೋರಿಸಿದೆ. ತಾರೀಖು ಮತ್ತು 78,640 ಕಿ.ಮೀ. ಅಂತ ಬರೆದ ಸ್ಟಿಕ್ಕರ್ ಬಾನೆಟ್ ಒಳಗೆ ಅಂಟಿಸಿದ್ದಾರೆ. ಸೋಮವಾರ ಮಂಗಳೂರಿಗೆ ಹೊರಟಿದ್ದೇವೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.