ಮಾಗಡಿ ಕೆರೆ ಹತ್ತಿರ ಕಲ್ಯಾಣ ಮಂಟಪ ಕಟ್ಟಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ಗದಗ ಜಿಲ್ಲೆ ಶಿರಹಟ್ಟಿ ಕಡೆ, ಮಾಗಡಿ ಕೆರೆ ಹತ್ತಿರ ನಮ್ಮ ಹೊಲ ಇದೆ. ಅಲ್ಲಿ ಕಲ್ಯಾಣ ಮಂಟಪ ಕಟ್ಟಬೇಕು ಅಂತ ತಮ್ಮನ ಆಸೆ. ಕೆರೆಯಿಂದ 50 ಮೀಟರ್ ಬಿಟ್ಟರೆ ಸಾಕು ಅಂತಾರೆ ಎಂಜಿನಿಯರ್. ಚಳಿಗಾಲಕ್ಕೆ ಬರುವ ಹಕ್ಕಿಗಳಿಗೆ ತ್ರಾಸಾಗುತ್ತೆ ಅಂತ ಅವ್ವ ಬೇಡ ಅನ್ನುತ್ತಿದ್ದಾಳೆ. ಏನು ಮಾಡೋಣ?

ಉತ್ತರ (ನಗರ ಯೋಜಕರು): ಅವ್ವನ ಮಾತು ಕೇಳಿ. ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದೆ. ಹಾಗಾಗಿ 2017ರ ಜೌಗು ಪ್ರದೇಶ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. 50 ಮೀಟರ್ ಒಳಗೆ ಪಕ್ಕಾ ಕಟ್ಟಡ ಕಟ್ಟುವಂತಿಲ್ಲ, ನಿಜ. ಆದರೆ ಟೇಪು ಹಿಡಿಯೋದು ಎಲ್ಲಿಂದ? ಬೇಸಿಗೆಯಲ್ಲಿ ನೀರು ಸರಿದಾಗ ಕಾಣುವ ಅಂಚಿನಿಂದಲ್ಲ. ಕೆರೆ ತುಂಬಿದಾಗ ನೀರು ಬಂದು ನಿಲ್ಲುವ ಮಟ್ಟದಿಂದ. ಮೇ ತಿಂಗಳಲ್ಲಿ ಅಳೆದ ನಕ್ಷೆಯಾದರೆ ಮತ್ತೆ ಅಳೆಸಿ.

ಅಳತೆ ಸರಿಯಿದ್ದರೂ ನಾನು ಅಲ್ಲಿ ಮಂಟಪ ಬೇಡ ಅಂತಲೇ ಹೇಳುತ್ತೇನೆ. ಚಳಿಗಾಲಕ್ಕೆ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಲ್ಲಿ ಕೂತು, ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. ಕೆರೆಯಷ್ಟೇ ಆ ಹೊಲಗಳೂ ಅವಕ್ಕೆ ಬೇಕು. ಅವು ಇರುವುದು ನವೆಂಬರಿನಿಂದ ಮಾರ್ಚ್ ತನಕ. ನಮ್ಮ ಮದುವೆ ಸೀಸನ್ ಶುರುವಾಗುವುದೂ ಆಗಲೇ. ಹಕ್ಕಿ ಮೇಯಲು ಹೊರಡುವ ಹೊತ್ತಿಗೆ ಇಲ್ಲಿ ಡಿಜೆ, ಪಟಾಕಿ, ಫೋಕಸ್ ಲೈಟ್!

ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಎಂಜಲೆಲೆ ಹಿತ್ತಲಿಗೆ ಬಿತ್ತು ಅಂದರೆ ನಾಯಿ ಸೇರುತ್ತವೆ. ಮದುವೆ ಇಲ್ಲದ ದಿನ ಅವು ಹಸಿದು ಕೆರೆ ದಂಡೆಗೆ ನುಗ್ಗುತ್ತವೆ.

ಮಂಟಪಕ್ಕೆ ಊರಲ್ಲೇ ಜಾಗ ನೋಡಿ. ಜನರಿಗೂ ಬಸ್ಸು ಹತ್ತಿರ.

ಮರುಪ್ರಶ್ನೆ: ಹಾಗಾದರೆ ಹೊಲ ಸುಮ್ನೆ ಬಿಡೋದಾ ಸರ್? ತಮ್ಮನಿಗೆ ಏನಾದರೂ ಉದ್ಯೋಗ ಬೇಕಲ್ವಾ?

ಉತ್ತರ: ಖಂಡಿತ ಬೇಕು. ಬೆಳೆ ಬೆಳೆಯುತ್ತಲೇ ಇರಲಿ. ಹಕ್ಕಿ ನೋಡಲು ಬರುವವರಿಗೆ ಒಂದು ಚಿಕ್ಕ ಖಾನಾವಳಿ, ಎರಡು ಕೋಣೆ ಸಾಕು. ಅದಕ್ಕೂ ಎನ್‌ಎ, ಅಂದರೆ ಹೊಲವನ್ನು ಕೃಷಿಯೇತರ ಜಮೀನಾಗಿ ಪರಿವರ್ತನೆ ಮಾಡಿಸಬೇಕು. ಕೆರೆ ಸಂರಕ್ಷಣಾ ಮೀಸಲು ಪ್ರದೇಶ, ಹಾಗಾಗಿ ದುಡ್ಡು ಹಾಕುವ ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿ, ಉತ್ತರ ಬರಹದಲ್ಲಿ ತೊಗೊಳ್ಳಿ. ಕರೆಂಟ್ ವೈರು ನೆಲದಡಿಯಲ್ಲೇ ಹೋಗಲಿ. ಮಬ್ಬಿನಲ್ಲಿ ಹಾರುವ ಇಷ್ಟು ದೊಡ್ಡ ಹಕ್ಕಿಗೆ ತಂತಿ ಕಾಣಲ್ಲ. ಶೌಚಾಲಯದ ನೀರು ಕೆರೆ ಕಡೆ ಇಳಿಯದ ಹಾಗೆ ಗುಂಡಿ ತೋಡಿಸಿ. ಮಾರ್ಚ್ ಮುಗಿಯೋ ತನಕ ಜೆಸಿಬಿ ತರಿಸಬೇಡಿ.

ನಕ್ಷೆ ಇದ್ದರೆ ಇಲ್ಲೇ ಹಾಕಿ, ನೋಡುತ್ತೇನೆ. ಸರ್ವೆ ನಂಬರ್ ಮುಚ್ಚಿ ಹಾಕಿ.