ಕಡಸುಗಳನ್ನು ಒಟ್ಟಿಗೆ ಬೆದೆಗೆ ತರಲು ಯಾವ ವಿಧಾನ ಸೂಕ್ತ?

ಪ್ರಶ್ನೆ (ಹೈನುಗಾರ, ತಿಪಟೂರು ತಾಲ್ಲೂಕು)
ನಮ್ಮ ಕೊಟ್ಟಿಗೆಯಲ್ಲಿ ಎಂಟು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕಡಸುಗಳಿದ್ದು, ಎಲ್ಲವೂ ಒಂದೂವರೆ ವರ್ಷದ ಆಸುಪಾಸಿನವು. ಒಂದೊಂದೂ ಬೇರೆ ಬೇರೆ ದಿನ ಬೆದೆಗೆ ಬರುವುದರಿಂದ, ಅದರಲ್ಲೂ ರಾತ್ರಿ ಬಂದದ್ದು ಕಣ್ಣಿಗೆ ಬೀಳದೆ ಹೋಗುವುದರಿಂದ, ಸಮಯ ತಪ್ಪಿ ಮತ್ತೆ ಮೂರು ವಾರ ಕಾಯಬೇಕಾಗುತ್ತದೆ. ಬೆದೆ ನೋಡದೆಯೇ ನಿಗದಿತ ಗಂಟೆಗೆ ಕೃತಕ ಗರ್ಭಧಾರಣೆ ಮಾಡುವ, ಹಸುಗಳಿಗೆ ಅನುಸರಿಸುವ ಹಾರ್ಮೋನು ವಿಧಾನವನ್ನೇ ಕಡಸುಗಳಿಗೂ ಬಳಸಬಹುದೇ?

ಉತ್ತರ 1 (ಪಶುವೈದ್ಯ, ಹಾಸನ)
ಕಡಸುಗಳಲ್ಲಿ ಆ ವಿಧಾನವನ್ನು ನೆಚ್ಚಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅದರಲ್ಲಿ ಮೊದಲು ಜಿಎನ್‌ಆರ್‌ಎಚ್ (ಅಂಡ ಬಿಡುಗಡೆಯನ್ನು ಪ್ರಚೋದಿಸುವ ಹಾರ್ಮೋನು), ಏಳು ದಿನಕ್ಕೆ ಪ್ರೊಸ್ಟಾಗ್ಲ್ಯಾಂಡಿನ್, ಮತ್ತೆರಡು ದಿನಕ್ಕೆ ಪುನಃ ಜಿಎನ್‌ಆರ್‌ಎಚ್ ಕೊಟ್ಟು, ಅದಾದ 16ರಿಂದ 20 ಗಂಟೆಯೊಳಗೆ ವೀರ್ಯ ಕೊಡುತ್ತಾರೆ. ಕಡಸುಗಳಲ್ಲಿ ಹಲವು ಮೊದಲ ಚುಚ್ಚುಮದ್ದಿಗೆ ಸ್ಪಂದಿಸುವುದಿಲ್ಲ; ಕೆಲವು ಗೊತ್ತುಪಡಿಸಿದ ಸಮಯಕ್ಕೆ ಮೊದಲೇ ಬೆದೆಗೆ ಬಂದುಬಿಡುತ್ತವೆ.

ಬೆದೆಚಕ್ರ ಸರಿಯಾಗಿ ನಡೆಯುತ್ತಿರುವ ಕಡಸುಗಳಿಗೆ 11ರಿಂದ 14 ದಿನಗಳ ಅಂತರದಲ್ಲಿ ಎರಡು ಬಾರಿ ಪ್ರೊಸ್ಟಾಗ್ಲ್ಯಾಂಡಿನ್ ಕೊಡಿಸಿ, ಬೆದೆ ಕಂಡ ಮೇಲೆಯೇ ಗರ್ಭಧಾರಣೆ ಮಾಡಿಸುವುದು ಸರಳ ಮತ್ತು ಕಡಿಮೆ ಖರ್ಚಿನ ದಾರಿ. ಅಂಡ ಬಿಡುಗಡೆಯಾದ ಜಾಗದಲ್ಲಿ ಬೆಳೆದು ಮುಂದಿನ ಬೆದೆಯನ್ನು ತಡೆದಿಡುವ, ಅಂಡಾಶಯದಲ್ಲಿರುವ ಹಳದಿ ಕಾಯವನ್ನು ಈ ಔಷಧಿ ಕರಗಿಸುತ್ತದೆ. ಬೆದೆಯಾದ ಮೊದಲ ಐದು ದಿನಗಳಲ್ಲಿ ಆ ಕಾಯ ಇನ್ನೂ ಬಲಿತಿರದ ಕಾರಣ ಒಂದೇ ಚುಚ್ಚುಮದ್ದಿಗೆ ಎಲ್ಲ ಕಡಸುಗಳೂ ಬಗ್ಗುವುದಿಲ್ಲ, ಆದ್ದರಿಂದಲೇ ಎರಡನೆಯದು ಬೇಕಾಗುತ್ತದೆ. ಚುಚ್ಚುಮದ್ದು ಕೊಟ್ಟ ಮೇಲೆ ಸಾಮಾನ್ಯವಾಗಿ ಎರಡರಿಂದ ಐದು ದಿನಗಳೊಳಗೆ ಬೆದೆ ಕಾಣಿಸಿಕೊಳ್ಳುತ್ತದೆ. ಗಬ್ಬದ ಕಡಸಿಗೆ ಇದನ್ನು ಕೊಟ್ಟರೆ ಗರ್ಭಪಾತವಾಗುತ್ತದೆ. ಹಾಗಾಗಿ ಮೊದಲು ಒಂದೊಂದನ್ನೂ ಪರೀಕ್ಷೆ ಮಾಡಿಸಲೇಬೇಕು.

ಉತ್ತರ 2 (ಹೈನುಗಾರ, ಮಂಡ್ಯ)
ಚುಚ್ಚುಮದ್ದಿನ ನಂತರ ಬೆದೆ ಕಾಣುತ್ತದೆ ಎಂದು ವೈದ್ಯರು ಹೇಳಿದ ಆ ಐದು ದಿನಗಳಲ್ಲಿ ಕಡಸುಗಳನ್ನು ಕಟ್ಟಿಹಾಕಿದ್ದರೆ ಔಷಧಿಯ ಹಣ ವ್ಯರ್ಥವಾದಂತೆಯೇ. ಬೆಳಿಗ್ಗೆ, ಸಂಜೆ ಮತ್ತು ಮಲಗುವ ಮುನ್ನ ಅರ್ಧ ಗಂಟೆಯಾದರೂ ಬಯಲಿಗೆ ಬಿಟ್ಟು, ಮತ್ತೊಂದು ಮೇಲೆ ಹತ್ತಿದಾಗ ಅಲುಗಾಡದೆ ನಿಲ್ಲುವ ಕಡಸನ್ನು ಗುರುತಿಸಿ. ಬಾಲದ ಬುಡಕ್ಕೆ ಬಣ್ಣ ಬಳಿದಿದ್ದರೆ ರಾತ್ರಿ ಹತ್ತಿಸಿಕೊಂಡದ್ದೂ ಬಣ್ಣ ಅಳಿಸಿರುವುದರಿಂದ ತಿಳಿಯುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಎಂಟರಲ್ಲಿ ಎರಡು ಕಡಸುಗಳು ಇದುವರೆಗೆ ಬೆದೆಗೇ ಬಂದಿಲ್ಲ. ಅವುಗಳಿಗೂ ಇದನ್ನೇ ಕೊಡಿಸಬಹುದೇ, ಸರ್?

ಉತ್ತರ 1 (ಪಶುವೈದ್ಯ, ಹಾಸನ)
ಹಳದಿ ಕಾಯವೇ ಇಲ್ಲದಿದ್ದರೆ ಪ್ರೊಸ್ಟಾಗ್ಲ್ಯಾಂಡಿನ್‌ಗೆ ಅಲ್ಲಿ ಕೆಲಸವಿಲ್ಲ. ಮೊದಲು ಎದೆಸುತ್ತಳತೆಯಿಂದ ತೂಕ ಅಂದಾಜು ಮಾಡಿ. ಬೆಳೆದ ಹಸುವಿನ ತೂಕದ ಶೇ. 60ರಷ್ಟಾದರೂ ಆಗಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಜಂತುನಾಶಕ, ಹಸಿರು ಮೇವು, ಖನಿಜ ಮಿಶ್ರಣಗಳಿಗೆ ಗಮನ ಕೊಡಿ, ಹಾರ್ಮೋನು ಬೇಡ. ತೂಕ ಸರಿಯಿದ್ದೂ ಬೆದೆಗೆ ಬಾರದಿದ್ದರೆ, ಜನನಾಂಗದಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ಯೋನಿಯೊಳಗೆ ಏಳು ದಿನ ಪ್ರೊಜೆಸ್ಟೆರಾನ್ ಹಾರ್ಮೋನು ಬಿಡುವ ಸಾಧನ ಇರಿಸಿ ತೆಗೆಯುವ ಚಿಕಿತ್ಸೆಯನ್ನು ನಿಮ್ಮ ವೈದ್ಯರೊಡನೆ ಚರ್ಚಿಸಿ. ಇನ್ನೊಂದು ವಿಷಯ: ಪ್ರೊಸ್ಟಾಗ್ಲ್ಯಾಂಡಿನ್ ಚರ್ಮದ ಮೂಲಕವೂ ದೇಹಕ್ಕೆ ಸೇರುವುದರಿಂದ ಗರ್ಭಿಣಿಯರು ಮತ್ತು ಉಬ್ಬಸವಿರುವವರು ಅದರ ಸೀಸೆಯನ್ನಾಗಲಿ ಸಿರಿಂಜನ್ನಾಗಲಿ ಮುಟ್ಟಬಾರದು.