ಸಂಪಿನ ಲೀಟರ್ ಲೆಕ್ಕ: ಸೊನ್ನೆಗಳು ಎಲ್ಲಿ ತಪ್ಪುತ್ತವೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಕಟ್ಟಿಸುತ್ತಿರುವ ಮನೆಯ ಸಂಪಿನ ಒಳ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1.5 ಮೀಟರ್ ಆಳ. ಅಂದರೆ 9 ಘನ ಮೀಟರ್. ಮೀಟರಿಗೆ 100 ಸೆಂಟಿಮೀಟರ್ ಎಂದು ಇದನ್ನು 900 ಘನ ಸೆಂಟಿಮೀಟರ್ ಮಾಡಿ, ಲೀಟರಿಗಾಗಿ ಸಾವಿರದಿಂದ ಭಾಗಿಸಿದರೆ 0.9 ಬರುತ್ತದೆ. ಮೇಸ್ತ್ರಿಯವರು ಒಂಬತ್ತು ಸಾವಿರ ಲೀಟರ್ ಎನ್ನುತ್ತಾರೆ. ಯಾವುದು ಸರಿ?

ಉತ್ತರ (ಸಿವಿಲ್ ಎಂಜಿನಿಯರ್): ಮೇಸ್ತ್ರಿಯವರ ಲೆಕ್ಕವೇ ಸರಿ. ಮೀಟರಿನಿಂದ ಸೆಂಟಿಮೀಟರಿಗೆ 10² ಎಂಬುದು ಉದ್ದಕ್ಕೆ ಮಾತ್ರ ಸಲ್ಲುತ್ತದೆ. ಘನ ಅಳತೆಯಲ್ಲಿ ಉದ್ದ, ಅಗಲ, ಆಳ ಮೂರನ್ನೂ ಬದಲಿಸುವುದರಿಂದ 10² ಮೂರು ಸಲ ಗುಣಿಸಲ್ಪಟ್ಟು 10⁶ ಆಗುತ್ತದೆ. ಚದರ ಅಳತೆಯಾದರೆ 10⁴. ಹೀಗಾಗಿ ನಿಮ್ಮ ಸಂಪು 9 × 10⁶ ಘನ ಸೆಂಟಿಮೀಟರ್. ಒಂದು ಲೀಟರ್ ಎಂದರೆ 10³ ಘನ ಸೆಂಟಿಮೀಟರ್. ಭಾಗಿಸುವಾಗ ಘಾತಾಂಕಗಳನ್ನು ಕಳೆಯಬೇಕಾದ್ದರಿಂದ 6ರಲ್ಲಿ 3 ಹೋಗಿ 9 × 10³, ಅಂದರೆ 9,000 ಲೀಟರ್ ಉಳಿಯುತ್ತದೆ. ಆದರೆ ಅಷ್ಟೂ ನೀರು ನಿಲ್ಲುವುದಿಲ್ಲ. ಓವರ್‌ಫ್ಲೋ ಪೈಪನ್ನು ಮೇಲಿನಿಂದ 20 ಸೆಂಟಿಮೀಟರ್ ಕೆಳಗೆ ಕೂರಿಸಿದರೆ 3 × 2 × 0.2, ಅಂದರೆ 1.2 ಘನ ಮೀಟರ್ ಖಾಲಿಯೇ ಇರುವುದರಿಂದ, ನಿಮಗೆ ದಕ್ಕುವುದು 7,800 ಲೀಟರ್.

ಇನ್ನೊಬ್ಬ ಸದಸ್ಯರು: ಸರ್, ನಮ್ಮ ತಾರಸಿ 80 ಚದರ ಮೀಟರ್ ಇದೆ. 20 ಮಿಲಿಮೀಟರ್ ಮಳೆಯಾದರೆ ಸಂಪಿಗೆ ಎಷ್ಟು ನೀರು ಬರಬಹುದು?

ಉತ್ತರ: ಮಿಲಿ ಎಂದರೆ 10⁻³. ಮಳೆಯನ್ನು ಮೊದಲು ಮೀಟರಿಗೆ ತಂದುಕೊಂಡರೆ 80 × 20 × 10⁻³ = 1.6 ಘನ ಮೀಟರ್, ಎಂದರೆ 1,600 ಲೀಟರ್. ಇಲ್ಲಿ ಮಿಲಿಮೀಟರಿನ 10⁻³ ಮತ್ತು ಘನ ಮೀಟರನ್ನು ಲೀಟರ್ ಮಾಡುವ 10³ ಒಂದನ್ನೊಂದು ವಜಾ ಮಾಡುತ್ತವೆ. ಆದ್ದರಿಂದಲೇ ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರಾಗುತ್ತದೆ. ಹೆಕ್ಟೇರ್ 10⁴ ಚದರ ಮೀಟರ್ ಆದ್ದರಿಂದ, ಹೊಲದ ಲೆಕ್ಕವೂ ಇಷ್ಟೇ ಸಲೀಸು. ಧೂಳು ತೊಳೆದು ಬರುವ ಮೊದಲ ನೀರನ್ನು ಹೊರಗೆ ಬಿಡುವುದರಿಂದ, ಸಂಪಿಗೆ ಸೇರುವುದು 1,600ಕ್ಕಿಂತ ಕಡಿಮೆಯೇ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ನಮ್ಮ ಸೈಟು 30×40 ಅಡಿ. ಅದಕ್ಕೂ ಹೀಗೆಯೇ ಘಾತ ಬದಲಿಸಬಹುದೇ?

ಉತ್ತರ: ಆಗುವುದಿಲ್ಲ. ಅಡಿ, ಗುಂಟೆ, ಎಕರೆಗಳು ಹತ್ತರ ಲೆಕ್ಕಕ್ಕೆ ಬಗ್ಗುವುದಿಲ್ಲ. ಒಂದು ಅಡಿ ನಿಖರವಾಗಿ 0.3048 ಮೀಟರ್; ಎರಡೂ ಬದಿಗಳನ್ನು ಮೊದಲು ಮೀಟರಿಗೆ ತಿರುಗಿಸಿದರೆ 9.144 × 12.192, ಸುಮಾರು 111.5 ಚದರ ಮೀಟರ್ ಬರುತ್ತದೆ. ಅಲ್ಲಿಂದ ಮುಂದೆ ಸೆಂಟಿಮೀಟರ್ ಬೇಕಾದರೂ ಮಿಲಿಮೀಟರ್ ಬೇಕಾದರೂ ಘಾತಾಂಕವನ್ನಷ್ಟೇ ಬದಲಿಸಿದರೆ ಸಾಕು. ಅಂದ ಹಾಗೆ, ನಿಮ್ಮ ನಕ್ಷೆಯಲ್ಲಿ ಗೋಡೆಯ ದಪ್ಪ 230 ಎಂದಷ್ಟೇ ಬರೆದಿದ್ದರೆ ಅದು ಮಿಲಿಮೀಟರ್.